ಅಭಾವವು ಕಾರಣವಾದೀತೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹುಳುಮನೆಗಳಲ್ಲಿ ರೇಷ್ಮೆಹುಳುವು ಗೂಡು ಕಟ್ಟುವುದಕ್ಕೆ ಮುನ್ನ ನಾಲ್ಕು ಸಲ ಜ್ವರಕ್ಕೆ, ಎಂದರೆ ಪೊರೆ ಬಿಡಲು, ಕೂರುತ್ತದೆ. ಹಿಪ್ಪುನೇರಳೆ ಸೊಪ್ಪನ್ನು ತೊರೆದು, ತಲೆಯೆತ್ತಿ, ತಟ್ಟೆಯ ಮೇಲೆ ನಿಶ್ಚಲವಾಗಿದ್ದು, ಕಡೆಗೆ ಹಳೆಯ ಪೊರೆಯನ್ನು ಬಾಲದತ್ತ ಸರಿಸಿ ಹೊರಬರುತ್ತದೆ. ಪಕ್ಕೆಗಳ ಒಂಬತ್ತು ಜೊತೆ ರಂಧ್ರಗಳಿಂದ ಒಳಗೆ ಹಬ್ಬಿರುವ ಶ್ವಾಸನಾಳಗಳ ಒಳಪದರವೂ ಆ ಪೊರೆಯೊಡನೆಯೇ ಕಳಚುತ್ತದೆ. ಇಂಥ ಹುಳುಗಳಲ್ಲಿ ಶರೀರವು ದಿನೇ ದಿನೇ ಬೆಳೆಯುತ್ತಿದ್ದರೂ ಶ್ವಾಸನಾಳಗಳು ಪೊರೆ ಬಿಡುವತನಕ ಅದಕ್ಕೆ ತಕ್ಕಂತೆ ಹಿಗ್ಗವಾದುದರಿಂದ, ಒಂದು ಘಟ್ಟದಲ್ಲಿ ಆಮ್ಲಜನಕವು ಸಾಲದಾಗುವುದು; ಈ ಕೊರತೆಯೇ ಪೊರೆ ಬಿಡಲು ಪ್ರೇರಣೆಯೆಂಬುದನ್ನು, ರೇಷ್ಮೆಹುಳುವಿನ ದೂರದ ಬಂಧುವಾದ ಹೊಗೆಸೊಪ್ಪಿನ ಹುಳುವಿನಲ್ಲಿ ಸಂಶೋಧಕರು 2011ರಲ್ಲಿ ತೋರಿಸಿಕೊಟ್ಟರು.

ಇಲ್ಲದುದು ಇರುವುದನ್ನು ಹೇಗೆ ಮಾಡೀತು? ಅಸತ್ತಿನಿಂದ ಸತ್ತು ಹುಟ್ಟುವುದೆಂತೆಂದು ಛಾಂದೋಗ್ಯದ ಉದ್ದಾಲಕನು ಮಗನನ್ನು ಕೇಳಿದನು. ನಿತ್ಯಕರ್ಮವನ್ನು ಮಾಡದಿರುವುದೆಂಬ ಅಭಾವದಿಂದ ಪ್ರತ್ಯವಾಯವೆಂಬ, ಅಂದರೆ ಪಾಪವೆಂಬ, ಭಾವವು ಹುಟ್ಟಲಾರದೆಂದು ಶಂಕರರು ಗೀತಾಭಾಷ್ಯದಲ್ಲಿ ವಾದಿಸಿದರು. ನೈಯಾಯಿಕರಾದರೋ ಅಭಾವವನ್ನು ಏಳನೆಯ ಪದಾರ್ಥವೆಂದೆಣಿಸಿ, ಪ್ರತಿಬಂಧಕದ ಅಭಾವಕ್ಕೆ ಕಾರಣಗಳ ಸಾಲಿನಲ್ಲಿ ಸ್ಥಾನವಿತ್ತರು.

ಸೆಮೆನ್ಜಾ, ರ್‍ಯಾಟ್‌ಕ್ಲಿಫ್, ಕೇಲಿನ್ ಎಂಬ ಮೂವರು 2019ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಂಶೋಧನೆಯು ಈ ಹಳೆಯ ವಿವಾದಕ್ಕೆ ನೇರವಾಗಿ ಸಲ್ಲುವಂಥದು. ಜೀವಕೋಶವು ಹಿಫ್ ಎಂಬ ಪ್ರೋಟೀನನ್ನು ಎಡೆಬಿಡದೆ ನಿರ್ಮಿಸುತ್ತಲೇ ಇರುತ್ತದೆ. ಆಮ್ಲಜನಕವು ಸಾಕಷ್ಟಿರುವಾಗ ಅದರ ಮೇಲೆ ಗುರುತು ಬಿದ್ದು, ನಿಮಿಷಗಳಲ್ಲೇ ಅದು ನಾಶವಾಗುತ್ತದೆ. ಆಮ್ಲಜನಕವು ತಗ್ಗಿತೆಂದರೆ ಗುರುತು ಬೀಳದು. ಉಳಿದುಕೊಂಡ ಹಿಫ್ ಕೋಶಕೇಂದ್ರವನ್ನು ಹೊಕ್ಕು ವಂಶವಾಹಿಗಳನ್ನು ಎಚ್ಚರಿಸುತ್ತದೆ. ಕೊರತೆಯು ಇಲ್ಲಿ ಏನನ್ನೂ ಸೃಜಿಸಲಿಲ್ಲ, ನಾಶವನ್ನು ತಡೆಯಿತು, ಅಷ್ಟೆ. ಬದುವನ್ನು ಕಡಿದ ರೈತನು ನೀರನ್ನು ತಾನು ಹೊರಬೇಕಿಲ್ಲ, ಅದು ತಾನೇ ಹರಿಯುವುದೆಂಬ ಯೋಗಶಾಸ್ತ್ರದ ದೃಷ್ಟಾಂತವು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಆದರೆ ಹಿಫ್ ಏಕಾಕಿಯಲ್ಲ. ಕೋಶಕೇಂದ್ರದಲ್ಲಿ ವಂಶವಾಹಿಗಳನ್ನು ಆಳುವ ಗ್ರಾಹಕಗಳ ಒಂದು ದೊಡ್ಡ ಕುಲವೇ ಇದೆ. ಅವುಗಳಲ್ಲಿ ಈಆರ್‌ಆರ್ ಎಂಬುದು ನೊಣದಲ್ಲಿಯೂ ಮನುಷ್ಯನಲ್ಲಿಯೂ ಹಿಫ್‌ನೊಡನೆ ಕೂಡಿ ಅದಕ್ಕೆ ಬಲವೀಯುತ್ತದೆ. ಹುಳುವಿಗೆ ಪೊರೆ ಬಿಡಿಸುವ ಎಕ್ಡೈಸೋನ್ ಹಾರ್ಮೋನನ್ನು ಅರಿತುಕೊಳ್ಳುವ ಗ್ರಾಹಕವೂ ಅದೇ ಕುಲದ್ದು. ಕೊರತೆಯೊಂದೇ ಆದರೂ ಫಲವು ಒಂದಲ್ಲ: ಮನುಷ್ಯದೇಹದಲ್ಲಿ ರಕ್ತಕಣಗಳ ವೃದ್ಧಿ, ಹುಳುವಿನಲ್ಲಿ ಪೊರೆ ಬಿಡುವಿಕೆ.

ಭಾವೋತ್ಪತ್ತಿಯ ವಿಷಯದಲ್ಲಿ ಶಂಕರರ ಮಾತು ನಿಲ್ಲುತ್ತದೆ. ಅಭಾವವನ್ನು ಲೆಕ್ಕದಿಂದ ಬಿಡಲಾಗದೆಂಬ ನೈಯಾಯಿಕರ ಮಾತೂ ನಿಲ್ಲುತ್ತದೆ. ಆದರೆ ಇದನ್ನು ಹಿಡಿದು ದಾರಿದ್ರ್ಯವನ್ನು ತಪಸ್ಸೆಂದು ಹೊಗಳುವವರನ್ನು ನಾನು ಒಪ್ಪಲಾರೆ. ಮಿತಿಮೀರಿದ ಕೊರತೆಯಲ್ಲಿ ಜೀವಕೋಶವು ಸಾಯುತ್ತದೆ. ತರ್ಕ-ವೇದಾಂತಗಳನ್ನು ಪಾಠ ಹೇಳುವ ವಿದ್ವಾಂಸರು ಅಭಾವಪ್ರಕರಣಕ್ಕೆ ಬಂದಾಗ ಈ ನಿದರ್ಶನವನ್ನೂ ಶಿಷ್ಯರ ಮುಂದಿಟ್ಟು ಪರೀಕ್ಷಿಸಬೇಕೆಂದು ಬೇಡುತ್ತೇನೆ.