ಹಣ್ಣು ಸೊಟ್ಟಗಾದರೆ ಮರದ ತಪ್ಪೇ?

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ನೆಲವನ್ನು ನೀವು ಬಲ್ಲಿರಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಇವೂ ಸೇರಿವೆ. ಮಳೆಯನ್ನೇ ನಂಬಿದವರು ಶೇಂಗಾ ಬಿತ್ತುತ್ತಾರೆ. ಕೊಳವೆಬಾವಿಯಲ್ಲಿ ಒಂದೆರಡು ಇಂಚು ನೀರು ಸಿಕ್ಕವರು ದಾಳಿಂಬೆಯನ್ನೋ ಪರಂಗಿಯನ್ನೋ ನೆಡುತ್ತಾರೆ. ಪರಂಗಿ ಬೇಗ ಕೈಹಿಡಿಯುವ ಬೆಳೆ. ನಾಟಿ ಮಾಡಿದ ಒಂಬತ್ತು ಹತ್ತು ತಿಂಗಳಿಗೆ ಹಣ್ಣು ಸಿಗುತ್ತದೆ. ಆದರೆ ಕಾಯಿ ಗಂಟುಗಂಟಾಗಿ, ಸೊಟ್ಟಗೆ ಬಂದರೆ ವ್ಯಾಪಾರಿ ಅದನ್ನು ಪಕ್ಕಕ್ಕೆ ಸರಿಸುತ್ತಾನೆ. ಆಗ ಸಾಲ ಮಾಡಿ ಗಿಡ ನೆಟ್ಟ ರೈತನ ಬಾಯಿಂದ ಬರುವ ಮೊದಲ ಮಾತು, "ಈ ಗಿಡದ ಜಾತಿಯೇ ಸರಿಯಿಲ್ಲ."

ಈ ಮಾತನ್ನು ನಾವು ಮನೆಯಲ್ಲೂ ಆಡುವುದಿಲ್ಲವೇ? ಮಗ ಪರೀಕ್ಷೆಯಲ್ಲಿ ನಪಾಸಾದ, ಮಗಳು ಎದುರು ಮಾತನಾಡಿದಳು, ತಮ್ಮ ಕುಡಿತಕ್ಕೆ ಬಿದ್ದ. ತಕ್ಷಣ ತೀರ್ಪು: "ಇವನ ಹುಟ್ಟುಗುಣವೇ ಇಷ್ಟು." ಹಣ್ಣಿನಿಂದ ಮರವನ್ನು ತಿಳಿಯಿರಿ ಎಂದು ಪ್ರಭು ಯೇಸುವೇ ಹೇಳಿದ್ದಾರಲ್ಲ ಎಂಬ ಸಮರ್ಥನೆ ಬೇರೆ. ಆ ಮಾತು ಇರುವುದು ಸಂತ ಮತ್ತಾಯರ ಶುಭಸಂದೇಶದ 7ನೇ ಅಧ್ಯಾಯದಲ್ಲಿ. ಅದನ್ನು ಹೇಳಿದ್ದು ಕುರಿಯ ವೇಷದಲ್ಲಿ ಬರುವ ಸುಳ್ಳು ಪ್ರವಾದಿಗಳಿಂದ ನಾವು ಮೋಸಹೋಗಬಾರದೆಂದು. ಅದೇ ಅಧ್ಯಾಯ ಆರಂಭವಾಗುವುದು ಬೇರೆಯವರ ಬಗ್ಗೆ ತೀರ್ಪು ಕೊಡಬೇಡಿ ಎಂಬ ಎಚ್ಚರಿಕೆಯಿಂದ. ಒಂದನ್ನು ಓದಿ ಇನ್ನೊಂದನ್ನು ಬಿಟ್ಟರೆ ಹೇಗೆ?

ಪರಂಗಿ ತೋಟಕ್ಕೇ ಹೋಗಿ ನೋಡೋಣ. ಕಾಯಿ ಗಂಟುಗಟ್ಟಿ, ಸಿಪ್ಪೆಯ ಮೇಲೆ ಹಾಲು ಒಸರುತ್ತಿದ್ದರೆ ಸಾಮಾನ್ಯವಾಗಿ ಅದು ಬೋರಾನ್ ಕೊರತೆಯ ಗುರುತು. ಮಣ್ಣು ಒಣಗಿದಾಗ ಬೇರಿಗೆ ಈ ಪೋಷಕಾಂಶ ಸರಿಯಾಗಿ ಸಿಗುವುದಿಲ್ಲ. ಗಿಡ ತನಗೆ ಸಿಕ್ಕದ್ದನ್ನು ಹಣ್ಣಿಗೆ ಎಲ್ಲಿಂದ ಕೊಟ್ಟೀತು? ಲೀಟರ್ ನೀರಿಗೆ 1 ಗ್ರಾಂ ಬೋರಿಕ್ ಆಮ್ಲ ಬೆರೆಸಿ, ನಾಟಿಯಾದ 4 ಮತ್ತು 8ನೇ ತಿಂಗಳಲ್ಲಿ ಸಿಂಪಡಿಸುವುದು ರೂಢಿಯಲ್ಲಿರುವ ಶಿಫಾರಸು. ಅಳತೆ ಮೀರಿದರೆ ಅದೇ ಬೋರಾನ್ ಗಿಡಕ್ಕೆ ವಿಷ. ಮಕ್ಕಳಿಗೆ ಹೇಳುವ ಬುದ್ಧಿಮಾತಿಗೂ ಇಂಥದೊಂದು ಅಳತೆ ಇದೆ.

ಇನ್ನು ಕೆಲವು ಗಿಡಗಳಲ್ಲಿ ಒಂದೇ ಹೂವಿನೊಳಗೆ ಗಂಡು, ಹೆಣ್ಣು ಎರಡೂ ಭಾಗಗಳಿರುತ್ತವೆ. ಚಳಿ ಹೆಚ್ಚಾದಾಗ ಗಂಡು ಭಾಗಗಳು ಕಾಯಿಗೆ ಅಂಟಿ ಬೆಳೆದು ಹಣ್ಣು ಮಡಿಕೆ ಮಡಿಕೆಯಾಗಿ ವಿಕಾರವಾಗುತ್ತದೆ. ಸುಡುಬಿಸಿಲಿನಲ್ಲಿ, ನೀರಿನ ಅಭಾವದಲ್ಲಿ ಹೂವು ಕಾಯಿಕಚ್ಚದೆ ಉದುರುತ್ತದೆ. ಹವೆ ತಿಳಿಯಾದ ಮೇಲೆ ಅದೇ ಗಿಡ ಒಳ್ಳೆಯ ಹಣ್ಣು ಬಿಡುತ್ತದೆ. ಆ ಸಿಟ್ಟಿನಲ್ಲಿ ಕಡಿದುಬಿಟ್ಟಿದ್ದರೆ?

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕಾಯಿಯ ಮೇಲೆ ಉಂಗುರದಂಥ ಗುರುತು ಮೂಡಿ, ಎಲೆ ಹಳದಿ ತಿರುಗಿ ದಾರದಂತೆ ಸಣ್ಣಗಾದರೆ ಅದು ಉಂಗುರ ಚುಕ್ಕೆ ನಂಜುರೋಗ. ಅದಕ್ಕೆ ಔಷಧವಿಲ್ಲ. ಸಸ್ಯಹೇನುಗಳು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ಆದ್ದರಿಂದ ರೋಗದ ಗಿಡವನ್ನು ಬೇರುಸಹಿತ ಕಿತ್ತು ನಾಶಮಾಡಬೇಕಾಗುತ್ತದೆ. ಉಳಿದವು ಬದುಕಲೆಂದು ಒಂದನ್ನು ಕೀಳುವ ಈ ಕೆಲಸ ರೈತನಿಗೂ ಸಂಕಟವೇ.

ಹಾಗಾದರೆ ಮನೆಯಲ್ಲಿ? ಕುಡಿದು ಬಂದು ಹೆಂಡತಿ ಮಕ್ಕಳನ್ನು ಹೊಡೆಯುವವನನ್ನು ಸುಮ್ಮನೆ ಸಹಿಸಿಕೊಳ್ಳಿ ಎಂದು ಹೇಳುವುದು ಧರ್ಮವೇ? ಖಂಡಿತ ಅಲ್ಲ. ಪೆಟ್ಟು ತಿನ್ನುವವರನ್ನು ಅಲ್ಲಿಂದ ಬಿಡಿಸಿ ಸುರಕ್ಷಿತ ಜಾಗಕ್ಕೆ ಕರೆತರುವುದು, ಅಗತ್ಯ ಬಿದ್ದರೆ ಪೊಲೀಸರಿಗೆ ತಿಳಿಸುವುದು ಪ್ರೀತಿಗೆ ವಿರುದ್ಧವಲ್ಲ. ತಾಳ್ಮೆಯ ಹೆಸರಿನಲ್ಲಿ ಬಲಹೀನರನ್ನು ಬಲಿಕೊಡಬಾರದು.

ಆದರೆ ಗಿಡಕ್ಕೂ ಮನುಷ್ಯನಿಗೂ ಒಂದು ಅಂತರವಿದೆ, ನಾವು ಮರೆಯಬಾರದ ಅಂತರ. ನಂಜು ಹತ್ತಿದ ಪರಂಗಿ ಗಿಡ ಮತ್ತೆ ಸುಧಾರಿಸದು. ಮನುಷ್ಯ ಪಶ್ಚಾತ್ತಾಪ ಪಡಬಲ್ಲ. ಅದಕ್ಕೇ ಗೋಧಿಯ ನಡುವೆ ಬೆಳೆದ ಕಳೆಯನ್ನು ಕೀಳಲು ಆಳುಗಳು ಆತುರಪಟ್ಟಾಗ ಸಾಮತಿಯ ಯಜಮಾನ ಸುಗ್ಗಿಯವರೆಗೆ ಕಾಯಿರಿ ಎಂದ. ಒಬ್ಬನನ್ನು ದೂರ ಇಡಬೇಕಾಗಿ ಬರಬಹುದು. ಅವನ ಕಥೆ ಮುಗಿಯಿತು ಎಂದು ಬರೆದುಬಿಡುವ ಅಧಿಕಾರ ನಮಗಿಲ್ಲ. ವ್ಯಸನ ಬಿಡಿಸುವ ಚಿಕಿತ್ಸೆಗೆ ಅವನನ್ನು ಒಪ್ಪಿಸುವುದು, ಜಪಸರದಲ್ಲಿ ಅವನ ಹೆಸರು ಹೇಳುವುದು, ನಿಜವಾಗಿ ಬದಲಾದವನಿಗೆ ಬಾಗಿಲು ತೆರೆಯುವುದು ನಮ್ಮ ಕೈಯಲ್ಲಿದೆ.

ಸಂತ ಲೂಕರ 13ನೇ ಅಧ್ಯಾಯದ ಅಂಜೂರದ ಮರವನ್ನು ನೆನೆಯಿರಿ. ಯಜಮಾನ ಮೂರು ವರ್ಷ ಕಾದಿದ್ದ, ಹಣ್ಣಿಲ್ಲ, ಕಡಿದುಹಾಕು ಎಂದ. ತೋಟಗಾರ ಇನ್ನೊಂದು ವರ್ಷ ಕೇಳಿಕೊಂಡ. ಬರೀ ಕೇಳಲಿಲ್ಲ, ತಾನೇ ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆಂದು ಮಾತು ಕೊಟ್ಟ. ಕರುಣೆ ಎಂದರೆ ಇದೇ. "ಪಾಪ, ಬಿಡಿ" ಎಂದು ಕೈತೊಳೆದುಕೊಳ್ಳುವುದು ಕರುಣೆಯಲ್ಲ. ಗುದ್ದಲಿ ಹಿಡಿಯುವುದು ಕರುಣೆ.

ಆದ್ದರಿಂದ ಪ್ರಿಯ ವಾಚಕರೇ, ನಿಮ್ಮ ಮನೆಯ ಯಾರ ಬಗ್ಗೆಯಾದರೂ "ಜಾತಿಯೇ ಸರಿಯಿಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದರೆ ಒಂದು ಗಳಿಗೆ ತಡೆಯಿರಿ. ಆ ಬುಡಕ್ಕೆ ನೀರು ತಲುಪಿದೆಯೇ? ಕಳೆದ ವಾರ ನೀವು ಆ ಮಗುವಿನ ಪಕ್ಕದಲ್ಲಿ ಬೈಯದೆ, ಬುದ್ಧಿ ಹೇಳದೆ, ಎಷ್ಟು ಹೊತ್ತು ಕುಳಿತಿದ್ದಿರಿ? ಗಂಟುಕಟ್ಟಿದ ಕಾಯಿ ನಯವಾಗದು, ನಿಜ. ಬುಡ ನೋಡಿಕೊಂಡರೆ ಮುಂದಿನ ಕಾಯಿ ನಯವಾಗಿ ಬರಬಹುದು. ಆ ಒಂದು ವರ್ಷದ ತಾಳ್ಮೆಯನ್ನೂ ಗುದ್ದಲಿ ಹಿಡಿಯುವ ಮನಸ್ಸನ್ನೂ ಪ್ರಭು ನಮಗೆಲ್ಲ ದಯಪಾಲಿಸಲಿ.