ನಮ್ಮ ಚಪ್ಪಾಳೆ ಯಾವ ಊರಿಗೆ?

ಜನವರಿಯ ಎರಡನೆಯ ವಾರ ನಮ್ಮ ಸಂಗೊಳ್ಳಿಯಲ್ಲಿ ರಾಯಣ್ಣನ ಉತ್ಸವ. ಉತ್ಸವವೆಂದ ಮೇಲೆ ಕುಸ್ತಿ ಇರಲೇಬೇಕು. ಹಲಗಿಯ ಸದ್ದು ಕೇಳುತ್ತಲೇ ಜನ ಕಣದ ಸುತ್ತ ಕೂಡುತ್ತಾರೆ. ಗುರುತಿಲ್ಲದ ಪೈಲ್ವಾನನೊಬ್ಬ ಕೆಮ್ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡು ಒಳಗೆ ಕಾಲಿಟ್ಟರೆ ನಮ್ಮವರು ಮೊದಲು ಕೇಳುವುದು ಅವನ ಹೆಸರನ್ನಲ್ಲ. "ಯಾವೂರಾಂವಪಾ ಇಂವಾ?" ಎಂದು ಕೇಳುತ್ತಾರೆ. ಬೈಲಹೊಂಗಲದ ಕಡೆಯವನೆಂದರೆ ಒಂದು ದಿಕ್ಕಿನಿಂದ ಶಿಳ್ಳೆ, ಸವದತ್ತಿಯವನೆಂದರೆ ಇನ್ನೊಂದು ದಿಕ್ಕಿನಿಂದ. ಕೊಲ್ಲಾಪುರದ ತಾಲೀಮಿನಲ್ಲಿ ಪಳಗಿದವನೆಂದರೆ ಎಲ್ಲರಲ್ಲೂ ಕ್ಷಣಕಾಲ ಮರ್ಯಾದೆಯ ಮೌನ. ಅವನ ಪಟ್ಟು ನೋಡಿಲ್ಲ, ಗುಣ ಗೊತ್ತಿಲ್ಲ. ಊರಿನ ಹೆಸರು ಕಿವಿಗೆ ಬಿದ್ದದ್ದೇ ತಡ, ನಮ್ಮ ಚಪ್ಪಾಳೆ ಯಾರ ಕಡೆಗೆಂದು ತೀರ್ಮಾನವಾಗಿಬಿಡುತ್ತದೆ.

ಇದು ಸರಿಯೇ? ಹುಟ್ಟುವ ಊರನ್ನು ಯಾರೂ ಆರಿಸಿಕೊಂಡಿಲ್ಲ. ತಾಯಿ ನಮ್ಮನ್ನು ಹೆತ್ತ ಮನೆ ಮಲಪ್ರಭೆಯ ಸೀಮೆಯಲ್ಲಿತ್ತು, ಅಷ್ಟೆ. ನೂರೈವತ್ತು ಕಿಲೋಮೀಟರ್ ಆಚೆ ಹೆತ್ತಿದ್ದರೆ ಬೇರೆ ತಂಡಕ್ಕೆ ಕೂಗುತ್ತಿದ್ದೆವು. ಹೀಗೆ ಆಕಸ್ಮಿಕವಾಗಿ ಸಿಕ್ಕಿದ್ದನ್ನು "ನಮ್ಮದು" ಎಂದು ಎದೆ ತಟ್ಟಿಕೊಳ್ಳುವುದು ವಿವೇಕವೋ, ಬರೀ ಅಭ್ಯಾಸವೋ? ಆಟದ ಮಾತಾದ್ದರಿಂದ ಇದನ್ನು ಹಗುರವಾಗಿ ಬಿಟ್ಟುಬಿಡಬಹುದಿತ್ತು. ಆದರೆ ನಮ್ಮಂಥವರಿಗೆ ಈ ಪ್ರಶ್ನೆ ಯಾವಾಗಲೂ ಹಗುರವಾಗಿ ಬಂದಿಲ್ಲ.

ಮೊದಲಿಗೆ ನೆಲದ ಲೆಕ್ಕವನ್ನೇ ನೋಡೋಣ. ನಮ್ಮ ಊರಿಂದ ಬೆಂಗಳೂರಿಗೂ ಮುಂಬೈಗೂ ದೂರ ಹೆಚ್ಚುಕಡಿಮೆ ಒಂದೇ, ಐನೂರು ಕಿಲೋಮೀಟರಿನ ಆಸುಪಾಸು. ಕೊಲ್ಲಾಪುರವಂತೂ ಎರಡಕ್ಕಿಂತ ಎಷ್ಟೋ ಹತ್ತಿರ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ದಾದಾ ಮುಂಬಯಿಯ ಗಿರಣಿಯಲ್ಲಿ ದುಡಿದು ಬಂದವರು. ಅವರಿಗೆ ಕ್ರಿಕೆಟ್ ಎಂದರೆ ಮುಂಬಯಿ, ಕುಸ್ತಿ ಎಂದರೆ ಕೊಲ್ಲಾಪುರ. ಅಬ್ಬಾ ಕಲಿತದ್ದು ಕನ್ನಡ ಶಾಲೆಯಲ್ಲಿ, ಕೇಳಿದ್ದು ಧಾರವಾಡ ಆಕಾಶವಾಣಿಯನ್ನು. 1974ರ ರಣಜಿ ಸೆಮಿಫೈನಲ್‌ನಲ್ಲಿ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದು, ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿ, ಸತತ ಹದಿನೈದು ವರ್ಷ ಕಪ್ ಗೆದ್ದಿದ್ದ ಮುಂಬಯಿಯನ್ನು ಕರ್ನಾಟಕ ಹೊರಗಟ್ಟಿತಲ್ಲ, ಆ ದಿನ ನಮ್ಮ ಮನೆಯಲ್ಲಿ ಒಬ್ಬರು ಉಣ್ಣಲಿಲ್ಲವಂತೆ, ಇನ್ನೊಬ್ಬರು ಬೀದಿಗೆಲ್ಲ ಬೆಲ್ಲ ಹಂಚಿದರಂತೆ. ಮನೆ ಅದೇ, ಅಂಗಳ ಅದೇ, ಬಾವಿ ನೀರೂ ಅದೇ. ಬದಲಾದದ್ದು ನಕ್ಷೆಯ ಒಂದು ಗೆರೆ, ಶಾಲೆಯ ಭಾಷೆ, ರೇಡಿಯೋದ ಮುಳ್ಳು ನಿಂತ ಜಾಗ.

ಎಂದರೆ ಭೂಗೋಳವೆಂದರೆ ನದಿ, ಗುಡ್ಡ, ಎರೆಮಣ್ಣು ಮಾತ್ರವಲ್ಲ. ಬಸ್ಸು ಎಲ್ಲಿಗೆ ಹೋಗುತ್ತದೆ, ಪತ್ರಿಕೆ ಎಲ್ಲಿಂದ ಬರುತ್ತದೆ, ಮಕ್ಕಳು ಕೆಲಸ ಹುಡುಕಿಕೊಂಡು ಯಾವ ದಿಕ್ಕಿಗೆ ಹೊರಡುತ್ತಾರೆ, ಇವೂ ಭೂಗೋಳವೇ. ಕೊಲ್ಲಾಪುರದಲ್ಲಿ ಫುಟ್‌ಬಾಲ್ ತಂಡಗಳು ಪಾಟಾಕಡೀಲ ತಾಲೀಮು, ದಿಲ್‌ಬಹಾರ್ ತಾಲೀಮು ಎಂದು ಪೇಟೆಯ ತಾಲೀಮುಗಳ ಹೆಸರಿನಲ್ಲೇ ಇವೆ. ಅಲ್ಲಿ ಅಭಿಮಾನದ ಗಡಿ ಒಂದು ಓಣಿ ದಾಟಿದರೆ ಮುಗಿಯಿತು. ಕೊಡಗಿನಲ್ಲಿ ಇನ್ನೊಂದು ಬಗೆ. 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ತಂಡವೆಂದರೆ ಮನೆತನ. 2024ರಲ್ಲಿ 360 ಮನೆತನಗಳು ಆಡಿದವು. ನಿಮ್ಮ ತಂಡ ಯಾವುದೆಂದು ಅಲ್ಲಿ ಕೇಳಬೇಕಾಗಿಯೇ ಇಲ್ಲ, ನಿಮ್ಮ ಹೆಸರಿನ ಮುಂದೆಯೇ ಅದು ಇರುತ್ತದೆ.

ಆದರೆ ಹಣ ಹಾಕಿ ಕಟ್ಟುವ ವೃತ್ತಿಪರ ತಂಡಗಳಿಗೆ ಊರು ಬೇಕಾಗುವುದು ಹೆಸರಿಗೆ ಮಾತ್ರ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಆರಂಭವಾದಾಗ ಬೆಂಗಳೂರು, ಚೆನ್ನೈ, ಜಲಂಧರ್ ಎಂದು ಊರೂರಿನ ಹೆಸರಿನ ತಂಡಗಳಿದ್ದವು. ಆಟ ನಡೆದದ್ದು ಮಾತ್ರ ಹೈದರಾಬಾದಿನಲ್ಲಿ. 2008ರ ನಂತರ ಅದು ನಿಂತಿತು. 2013ರಿಂದ 2017ರವರೆಗೆ ನಡೆದ ಹಾಕಿ ಇಂಡಿಯಾ ಲೀಗ್‌ನಲ್ಲಿ ಕರ್ನಾಟಕದ ಹೆಸರಿನ ತಂಡವೇ ಇರಲಿಲ್ಲ. 2024ರ ಕೊನೆಯಲ್ಲಿ ಅದು ಮರುಜೀವ ಪಡೆದಾಗಲೂ ಇರಲಿಲ್ಲ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡಕ್ಕೆ ಬಂಡು ಪಾಟೀಲರನ್ನು ಕೊಟ್ಟ ಬೆಳಗಾವಿಯ ಜಿಲ್ಲೆಯಿದು. ಇಲ್ಲಿನ ಹುಡುಗ ಹಾಕಿ ನೋಡಬೇಕೆಂದರೆ ಯಾರಿಗೆ ಕೂಗಬೇಕು? ಕ್ರಿಕೆಟ್ಟಿನಲ್ಲೂ ಇದೇ ಕಥೆ. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬೆಳಗಾವಿ ಪ್ಯಾಂಥರ್ಸ್ ಇತ್ತು, 2017ರಲ್ಲಿ ಗೆದ್ದೂ ಇತ್ತು. 2022ರಲ್ಲಿ ಮಹಾರಾಜ ಟ್ರೋಫಿ ಆರಂಭವಾದಾಗ ಬೆಳಗಾವಿಯ ಹೆಸರು ಬಿಟ್ಟುಹೋಗಿ ಹುಬ್ಬಳ್ಳಿಯದು ಉಳಿಯಿತು. ನಮ್ಮ ಓಣಿಯ ಹುಡುಗರು ಒಂದು ಬೇಸಿಗೆ ಸಪ್ಪಗಿದ್ದು, ಮುಂದಿನ ವರ್ಷ ಹುಬ್ಬಳ್ಳಿ ಕಪ್ ಗೆದ್ದಾಗ "ಗೆದ್ದವರು ನಮ್ಮವರ" ಎಂದು ಕುಣಿದರು. ಹತ್ತಿರದ್ದು ಇಲ್ಲವಾದರೆ ಅದರ ಪಕ್ಕದ್ದು. ಮನುಷ್ಯನಿಗೆ ಕೂಗಲು ಒಂದು ಹೆಸರು ಬೇಕು.

ಆರ್‌ಸಿಬಿಯಲ್ಲಿ ಕನ್ನಡ ನಾಡಿನವರು ಬೆರಳೆಣಿಕೆಯಷ್ಟು. ಕೊಹ್ಲಿ ದೆಹಲಿಯವರು, 2025ರಲ್ಲಿ ಕಪ್ ಎತ್ತಿದ ನಾಯಕ ರಜತ್ ಪಾಟೀದಾರ್ ಮಧ್ಯಪ್ರದೇಶದವರು. ಆದರೂ ನಮ್ಮ ಹುಡುಗರು ಹದಿನೇಳು ವರ್ಷ ಸೋಲನ್ನು ತಮ್ಮ ಮನೆಯ ಸೋಲೆಂದೇ ಅನುಭವಿಸಿದರು. ಇದನ್ನು ಹುಚ್ಚೆಂದು ನಗುವವರಿದ್ದಾರೆ. ನಮಗೆ ಹಾಗೆ ಅನಿಸುವುದಿಲ್ಲ. ದೆಹಲಿಯಿಂದ ಬಂದವನನ್ನು "ನಮ್ಮವ" ಎನ್ನಲು ಈ ಹುಡುಗರು ಅವನ ಭಾಷೆ ಕೇಳಲಿಲ್ಲ, ಜಾತಿ ಕೇಳಲಿಲ್ಲ. ನಮ್ಮ ಊರಿನ ಅಂಗಿ ತೊಟ್ಟೆಯಾ, ಬಾ, ನೀನು ನಮ್ಮವ ಎಂದರು. ಊರಿನ ಅಭಿಮಾನದಲ್ಲಿ ಒಳ್ಳೆಯದೇನಾದರೂ ಇದ್ದರೆ ಅದು ಇದೇ: ಅದರ ಬಾಗಿಲು ಹೊರಗಿನಿಂದಲೂ ತೆರೆಯುತ್ತದೆ.

ಈ ಬಾಗಿಲಿನ ಬೆಲೆ ತಿಳಿಯಬೇಕಾದರೆ ಅದು ಇಲ್ಲದಿದ್ದ ಕಾಲವನ್ನು ನೆನೆಯಬೇಕು. ಮುಂಬಯಿಯ ಹೆಸರಾಂತ ಕ್ರಿಕೆಟ್ ಪಂದ್ಯಾವಳಿಯಲ್ಲಿ ತಂಡಗಳು ಊರಿನವಾಗಿರಲಿಲ್ಲ, ಧರ್ಮದವಾಗಿದ್ದವು. ಯುರೋಪಿಯನ್ನರು ಮತ್ತು ಪಾರ್ಸಿಗಳ ಪಂದ್ಯಕ್ಕೆ 1907ರಲ್ಲಿ ಹಿಂದೂಗಳ ತಂಡ, 1912ರಲ್ಲಿ ಮುಸ್ಲಿಮರ ತಂಡ ಸೇರಿದವು. ಯಾವುದಕ್ಕೂ ಸೇರದವರಿಗೆಂದು 1937ರಲ್ಲಿ "ಉಳಿದವರು" ಎಂಬ ಐದನೆಯ ತಂಡವಾಯಿತು. ನಮ್ಮ ಪಕ್ಕದ ಸಾಂಗಲಿಯಲ್ಲಿ ಹುಟ್ಟಿದ ವಿಜಯ್ ಹಜಾರೆ ಮರಾಠಿ ಮನೆಮಾತಿನವರು. ಆದರೆ ಕ್ರೈಸ್ತರಾದ್ದರಿಂದ "ಉಳಿದವರು". 1943ರ ಫೈನಲ್‌ನಲ್ಲಿ ಆ ತಂಡ ಗಳಿಸಿದ 387 ರನ್‌ಗಳಲ್ಲಿ 309 ಅವರೊಬ್ಬರವೇ.

ಧರ್ಮದ ಹೆಸರಿನ ತಂಡ ಒಳಗಿನವರನ್ನಾದರೂ ಸಮನಾಗಿ ಕಂಡಿತೇ? 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಲ್ವಣಕರ್ ಬಾಲೂ ಆ ಕಾಲದ ದೊಡ್ಡ ಬೌಲರ್. ದಲಿತರು. ಪುಣೆಯ ಮೈದಾನದಲ್ಲಿ ಅವರ ಚೆಂಡಿನಿಂದ ತಂಡಕ್ಕೆ ಗೆಲುವು ಬೇಕಿತ್ತು, ಅವರಿಗೆ ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲನಿಗೆ ಸಿಕ್ಕಿತು. ಧರ್ಮದ ಹೆಸರಿನ ಈ ಆಟ ಬೇಡವೆಂದು 1940ರಲ್ಲಿ ಗಾಂಧೀಜಿ ಹೇಳಿದರು. 1946ರ ಹೊತ್ತಿಗೆ ಅದು ನಿಂತೇಹೋಯಿತು. ಪ್ರಾಂತ್ಯಗಳ ಹೆಸರಿನ ರಣಜಿ ಉಳಿಯಿತು. ಒಂದೇ ಬಾವಿಯ ನೀರು ಕುಡಿದವರು ಒಂದೇ ತಂಡವಾಗುವುದು ನಮಗೆ ಇವತ್ತು ಸಹಜವೆನಿಸುತ್ತದೆ. ಆದರೆ ಅದು ತಾನಾಗಿ ಆದದ್ದಲ್ಲ. ಹಾಗಾಗಬೇಕೆಂದು ಯಾರೋ ಹಟ ಹಿಡಿದಿದ್ದರು.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ಕಿತ್ತೂರಿಗಾಗಿ ಕಾದ ರಾಯಣ್ಣನ ಬಳಗದಲ್ಲಿ ಸಿದ್ದಿಗಳ ಗಜವೀರನೂ ಇದ್ದನೆಂದು ಇಲ್ಲಿಯ ಜನ ಇಂದಿಗೂ ನೆನೆಯುತ್ತಾರೆ. ಅವನ ಹಿರೀಕರು ಆಫ್ರಿಕದಿಂದ ಬಂದವರು. ಕಿತ್ತೂರು ಅವನ ಹಿರೀಕರ ಊರಲ್ಲ, ಅವನು ಆರಿಸಿಕೊಂಡ ಊರು.

ಇಷ್ಟೆಲ್ಲ ಹೇಳಿದ ಮೇಲೆ ಕಹಿಯನ್ನೂ ಹೇಳಬೇಕು. 1996ರ ಮಾರ್ಚ್ 9. ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಬೆಂಗಳೂರಿನಲ್ಲಿ ಭಾರತ–ಪಾಕಿಸ್ತಾನ. ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಬಂದಿದ್ದ ನಾವು ಗೆಳೆಯನೊಬ್ಬನ ಮನೆಯ ಪಡಸಾಲೆಯಲ್ಲಿ ಮೂವತ್ತು ಜನರ ನಡುವೆ ಕುಳಿತಿದ್ದೆವು. ಆಮೀರ್ ಸೊಹೈಲ್ ಬೌಂಡರಿ ಹೊಡೆದು, ಇನ್ನೊಂದನ್ನೂ ಅಲ್ಲಿಗೇ ಹೊಡೆಯುತ್ತೇನೆಂದು ಬ್ಯಾಟು ತೋರಿಸಿದ. ಮುಂದಿನ ಎಸೆತದಲ್ಲೇ ವೆಂಕಟೇಶ್ ಪ್ರಸಾದ್ ಅವನ ಸ್ಟಂಪ್ ಎಗರಿಸಿದರು. ಪಡಸಾಲೆ ಹಾರಿಬಿತ್ತು. ನಾವೂ ಹಾರಿದೆವು. ಆಗ ಒಬ್ಬ ಹಿರಿಯರು ಟಿವಿ ಬಿಟ್ಟು ನಮ್ಮ ಮುಖ ನೋಡಿದರು. ಕೆಟ್ಟವರಲ್ಲ. ನೋಡಿದರು, ಅಷ್ಟೆ. ಆ ನೋಟ ಕಂಡದ್ದೇ ನಾವು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದೆವು.

ಮೊದಲ ಚಪ್ಪಾಳೆ ನಮ್ಮದು. ಎರಡನೆಯದು ಯಾರದು? ಮೊದಲನೆಯದು ಖುಷಿ, ಎರಡನೆಯದು ಹಾಜರಿ. ಇಷ್ಟು ವರ್ಷಗಳ ನಂತರವೂ ಆ ಎರಡನೆಯ ಚಪ್ಪಾಳೆಯ ಉರಿ ಅಂಗೈಯಲ್ಲಿದೆ. 1990ರಲ್ಲಿ ಬ್ರಿಟನ್ನಿನ ರಾಜಕಾರಣಿ ನಾರ್ಮನ್ ಟೆಬಿಟ್, ವಲಸೆ ಬಂದವರು ಕ್ರಿಕೆಟ್ಟಿನಲ್ಲಿ ಯಾರ ಕಡೆ ಕೂಗುತ್ತಾರೆ ಎಂಬುದನ್ನೇ ಅವರ ನಿಷ್ಠೆಯ ಪರೀಕ್ಷೆ ಮಾಡಬೇಕೆಂಬಂತೆ ಮಾತಾಡಿದ್ದರು. ಅವರು ಹೇಳಿದ್ದು ವಲಸೆ ಬಂದವರ ವಿಷಯ. ನಾವು ಎಲ್ಲಿಂದಲೂ ಬಂದವರಲ್ಲ. ನಮ್ಮ ಹಿರೀಕರ ಗೋರಿಗಳು ಇದೇ ಎರೆಮಣ್ಣಿನಲ್ಲಿವೆ. ಊರು ತಾನಾಗಿ ಕೊಟ್ಟದ್ದನ್ನು ಪರೀಕ್ಷೆ ಬರೆದು ಪಡೆಯಬೇಕಾಗಿ ಬಂದಾಗ ಅಭಿಮಾನದ ಬಾಗಿಲು ಒಳಗಿನವನ ಮೇಲೆಯೇ ಮುಚ್ಚಿದಂತೆ.

ಹಾಗಾದರೆ ಅಭಿಮಾನವನ್ನೇ ಬಿಟ್ಟುಬಿಡಬೇಕೇ? ಪ್ರವಾದಿ ಮುಹಮ್ಮದ್(ಸ) ಮಕ್ಕಾ ಬಿಟ್ಟು ಹೊರಟಾಗ ಹುಟ್ಟೂರಿನ ಕಡೆ ತಿರುಗಿ ನೊಂದರೆಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಮುಂದೆ ಮಕ್ಕಾ ಕೈಗೆ ಬಂದಾಗಲೂ ಅವರು ಮರಳಿದ್ದು ಆಶ್ರಯ ಕೊಟ್ಟ ಮದೀನಾಕ್ಕೆ. ಹುಟ್ಟೂರಿನ ಪ್ರೀತಿ, ಬಾಳಿದ ಊರಿನ ನಿಷ್ಠೆ ಎರಡಕ್ಕೂ ಒಂದೇ ಎದೆಯಲ್ಲಿ ಜಾಗವಿತ್ತು. ತನ್ನವರನ್ನು ಪ್ರೀತಿಸುವುದು ಅಸಬಿಯ್ಯ, ಅಂದರೆ ಕುರುಡು ಪಕ್ಷಪಾತವೇ ಎಂದು ಕೇಳಿದವರಿಗೆ ಅವರು, ಅಲ್ಲ, ಅನ್ಯಾಯದಲ್ಲಿ ತನ್ನವರ ಬೆನ್ನಿಗೆ ನಿಲ್ಲುವುದು ಅಸಬಿಯ್ಯ ಎಂಬ ಅರ್ಥದ ಉತ್ತರ ಕೊಟ್ಟರೆಂದು ಹಿರಿಯರು ಹೇಳುತ್ತಾರೆ. ನಮಗೆ ಗೆರೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಮ್ಮೂರ ಪೈಲ್ವಾನ ಗೆಲ್ಲಲಿ ಎನ್ನುವುದು ಪ್ರೀತಿ. ಅವನು ಬಿದ್ದರೂ ಪಂಚ ಕೈ ಎತ್ತಿಹಿಡಿಯಲಿ ಎನ್ನುವುದು ಅಸಬಿಯ್ಯ. ಎದುರಾಳಿಯ ಚೆಂದದ ಪಟ್ಟನ್ನು ಮೆಚ್ಚಿದವನ ಮೇಲೆ ಕಣ್ಣು ಕೆಂಪಾಗಿಸುವುದೂ ಅದೇ.

ಇನ್ನೊಂದು ಎಚ್ಚರವೂ ಬೇಕು. 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಬಹುಪಾಲು ಎಳೆಯರು. ನಮ್ಮ ಓಣಿಯಲ್ಲಿ ಹಿಂದಿನ ರಾತ್ರಿ ಪಟಾಕಿ ಹೊಡೆದ ಹುಡುಗರು ಅಂದು ಸಂಜೆ ಕಟ್ಟೆಯ ಮೇಲೆ ಮಾತಿಲ್ಲದೆ ಕುಳಿತಿದ್ದರು. ಊರಿನ ಪ್ರೀತಿಯೆಂದರೆ ಕೊನೆಗೆ ಪಕ್ಕದಲ್ಲಿ ನಿಂತವನ ಪ್ರೀತಿ. ತಂಡ ಅದಕ್ಕೊಂದು ನೆಪ. ಪಕ್ಕದವನ ಉಸಿರು ಮರೆತುಹೋಗುವಷ್ಟು ನೆಪ ದೊಡ್ಡದಾಗಬಾರದು. ಆ ಎಚ್ಚರ ಗುಂಪಿಗೆ ಬೇಕು, ಗುಂಪು ಸೇರಿಸುವವರಿಗೆ ಇನ್ನೂ ಹೆಚ್ಚು ಬೇಕು.

2023ರ ಅಕ್ಟೋಬರ್ 14ರಂದು ಅಹಮದಾಬಾದಿನಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಪಂದ್ಯ. ಊರಿನ ಚಹಾದಂಗಡಿಯಲ್ಲಿ ನಾವು ಮಗನೊಂದಿಗೆ ಕುಳಿತಿದ್ದೆವು. ಶಾಹೀನ್ ಅಫ್ರಿದಿಯ ಒಂದು ಎಸೆತಕ್ಕೆ ಹುಡುಗ ತನಗರಿವಿಲ್ಲದೆ "ಏ, ಎಂಥಾ ಬಾಲು!" ಎಂದು ಕೂಗಿಬಿಟ್ಟ. ನಮ್ಮ ಕೈ ತಾನಾಗಿ ಅವನ ತೊಡೆಯನ್ನು ಒತ್ತಿ ಹಿಡಿಯಿತು. ಸುತ್ತ ನೋಡಿದೆವು. ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ನೋಡಿದ್ದು ಪಕ್ಕದ ಬೆಂಚಿನ ಮುದುಕರೊಬ್ಬರೇ. ಒಂದು ಕಾಲಕ್ಕೆ ಕಣಕ್ಕಿಳಿದವರು. ಅವರು ನೋಡಿದ್ದೂ ನಮ್ಮ ಮುಖವನ್ನಲ್ಲ, ಕೈಯನ್ನು.

"ಕೈ ತಗೀರಿ ಸಾಬ್ರ," ಎಂದರು. "ಹುಡುಗ ಖರೇನ ಅಂದಾನ. ಚಲೋ ಬಾಲ ಇತ್ತು."

ನಾವು ಕೈ ತೆಗೆದೆವು. ಮುಂದಿನ ಎಸೆತಕ್ಕೆ ರೋಹಿತ್ ಶರ್ಮ ರನ್ ಹೊಡೆದಾಗ ಮಗ ಎದ್ದು ಕುಣಿದ. ಆ ಕುಣಿತದಲ್ಲಿ ಹಾಜರಿ ಇರಲಿಲ್ಲ.