ನ್ಯಾಸಾಪಹಾರವೂ ಒಂದು ಹಳೆಯ ಕಾರೂ

ಅಣುವ್ರತಗಳ ಅತಿಚಾರಗಳನ್ನು ಓದುವ ಶ್ರಾವಕನಿಗೆ ಒಂದು ಸಂದೇಹ ಸಹಜವಾಗಿಯೇ ಹುಟ್ಟುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ನ್ಯಾಸಾಪಹಾರವನ್ನು, ಎಂದರೆ ನಂಬಿ ಒಪ್ಪಿಸಿದ ಇಡುಗಂಟಿನ ಅಪಹಾರವನ್ನು, ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸದೆ ಸತ್ಯವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಪರರ ಹೊನ್ನು ತನ್ನಲ್ಲಿ ಉಳಿದ ಮೇಲೆ ಅದು ಕಳವಲ್ಲದೆ ಮತ್ತೇನು? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಡುವ ವಿವರಣೆ ಬಹು ಸೂಕ್ಷ್ಮವಾದುದು. ಹೊನ್ನನ್ನಿಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತಿದ್ದಾನೆ. ಮರಳಿ ಬಂದು ಕಡಿಮೆ ಲೆಕ್ಕ ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ಅಷ್ಟೇ ಹೌದೆಂದು ಒಪ್ಪಿಬಿಡುತ್ತಾನೆ. ಅವನು ಕನ್ನ ಹಾಕಲಿಲ್ಲ, ಪೆಟ್ಟಿಗೆ ಒಡೆಯಲಿಲ್ಲ, ಹೊಸದೊಂದು ಸುಳ್ಳನ್ನು ಹೆಣೆಯಲೂ ಇಲ್ಲ. ಎದುರಿನವನ ಅರಿವುಗೇಡಿಗೆ ಒಂದು ಹೂಂಗುಟ್ಟಿದನು. ದೋಷವು ಆ ಮಾತಿನಲ್ಲಿದೆ. ಆದುದರಿಂದಲೇ ಅದು ಸತ್ಯವ್ರತದ ಅತಿಚಾರ.

ಹೊನ್ನಿನ ಗಂಟನ್ನು ನೆರೆಮನೆಯಲ್ಲಿಡುವ ಕಾಲ ಹೋಯಿತು. ಆದರೆ ತನಗೆ ತಿಳಿಯದ ವಸ್ತುವನ್ನು ತಿಳಿದವರ ಕೈಗೊಪ್ಪಿಸಿ, ಅವರು ಹೇಳಿದ್ದನ್ನು ನಂಬಿ, ಕೇಳಿದ ಹಣ ಕೊಟ್ಟು ಬರುವ ಪ್ರಸಂಗ ಇಂದಿನ ಗೃಹಸ್ಥನಿಗೆ ಹಿಂದಿನವರಿಗಿಂತ ಹೆಚ್ಚಾಗಿಯೇ ಬರುತ್ತದೆ. ದುರಸ್ತಿಗೆ ಬಿಟ್ಟ ವಾಹನವೂ ಒಂದು ನ್ಯಾಸವೇ.

ದೃಷ್ಟಾಂತಕ್ಕಾಗಿ ಬೆಳಗಾವಿಯ ಒಬ್ಬ ಜವಳಿ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಬಹುದು. 2009ರಲ್ಲಿ ಕೊಂಡ ಅವರ ಪೆಟ್ರೋಲ್ ಕಾರು ಊರೊಳಗೆ ಯಾವ ತಕರಾರೂ ಇಲ್ಲದೆ ಓಡುತ್ತದೆ. ವೃದ್ಧೆಯಾದ ತಾಯಿಯನ್ನು ಕರೆದುಕೊಂಡು ಸ್ತವನಿಧಿಯ ದರ್ಶನಕ್ಕೆ ಹೊರಟಾಗ ಮಾತ್ರ ತವಂದಿ ಘಾಟಿನ ಏರಿನಲ್ಲಿ ಶಾಖದ ಮುಳ್ಳು ಕೆಂಪು ಗೆರೆಗೆ ಏರುತ್ತದೆ. ಬಾನೆಟ್ ಎತ್ತಿ, ಎಂಜಿನ್ ಆರುವ ತನಕ ರಸ್ತೆಯ ಬದಿಯಲ್ಲಿ ಕಾಯಬೇಕು. ಕಂಪನಿಯ ಅಧಿಕೃತ ಶೋರೂಮಿಗೆ ಗಾಡಿ ಒಯ್ದರೆ ಅಲ್ಲಿಯ ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ ದೂರನ್ನು ಬರೆದುಕೊಂಡನು. ಥರ್ಮೋಸ್ಟಾಟ್ ಬದಲಾಯಿಸಿದರು, 3,100 ರೂಪಾಯಿ. ಮುಂದಿನ ಯಾತ್ರೆಯಲ್ಲಿ ಅದೇ ಘಾಟು, ಅದೇ ಮುಳ್ಳು. ಎರಡನೆಯ ಸಲ ರೇಡಿಯೇಟರ್, 8,600. ಮೂರನೆಯ ಸಲ ವಾಟರ್ ಪಂಪು ಮತ್ತು ಬೆಲ್ಟು, 7,200. ನಾಲ್ಕನೆಯ ಸಲ ಫ್ಯಾನಿನ ಮೋಟಾರು, 5,400. ಒಟ್ಟು 24,300 ರೂಪಾಯಿ ಸಂದಿತು. ಕಾರು ಘಾಟು ಹತ್ತಲಿಲ್ಲ.

ಇಲ್ಲಿ ಶೋರೂಮಿನವರ ಪರವಾಗಿಯೂ ಹೇಳಬೇಕಾದ ಮಾತಿದೆ. ಎಂಜಿನ್ ಕಾಯುವುದಕ್ಕೆ ಕಾರಣಗಳು ಹಲವು, ಲಕ್ಷಣವು ಒಂದೇ. ಏರಿನಲ್ಲಷ್ಟೇ ಕಾಣುವ ದೋಷವು ಗ್ಯಾರೇಜಿನ ಸಮತಟ್ಟಾದ ನೆಲದಲ್ಲಿ ಕಾಣಿಸಿಕೊಳ್ಳದು. ಸುಲಭವಾದುದನ್ನು ಮೊದಲು ನೋಡಿ, ಬಳಿಕ ಕಷ್ಟವಾದುದಕ್ಕೆ ಕೈಹಾಕುವುದು ಸರಿಯಾದ ಕ್ರಮವೇ. ಮೊದಲ ಸಲ ಥರ್ಮೋಸ್ಟಾಟನ್ನು ಬದಲಾಯಿಸಿದವನು ತಪ್ಪಿರಬಹುದು, ಅಪರಾಧಿಯಲ್ಲ. ಜಿನಾಗಮದಲ್ಲಿ ಹಿಂಸೆಯಂತೆಯೇ ಅಸತ್ಯ, ಚೌರ್ಯಗಳಿಗೂ ಪ್ರಮತ್ತಯೋಗವೇ ಮೂಲ. ಎಚ್ಚರವಿದ್ದೂ ಆದ ತಪ್ಪು ಬೇರೆ, ಎಚ್ಚರಗೇಡಿತನದಿಂದ ಆದ ತಪ್ಪು ಬೇರೆ. ಹಾಗಾದರೆ ಈ ನಾಲ್ಕು ದುರಸ್ತಿಗಳಲ್ಲಿ ಪ್ರಮಾದವು ಎಲ್ಲಿ ಹೊಕ್ಕಿತು?

ಎರಡನೆಯ ಭೇಟಿಯಲ್ಲಿ ಹೊಕ್ಕಿತು. ಅದೇ ದೂರು ಮರಳಿ ಬಂದಾಗ ಹಿಂದಿನ ಜಾಬ್ ಕಾರ್ಡನ್ನು ತೆಗೆದು ನೋಡಿದವರಿಲ್ಲ. ಗಾಡಿಯನ್ನು ಒಂದು ಏರಿಗೆ ಒಯ್ದು ಪರೀಕ್ಷಿಸಿದವರಿಲ್ಲ. ಗೃಹಸ್ಥರು ಕೇಳಿದರು: “ಹಾಗಾದರೆ ರೇಡಿಯೇಟರಿನದೇ ದೋಷವೇನು?” ಅಡ್ವೈಸರನು “ಹೌದು ಸರ್, ಅದೇ” ಎಂದನು. ಅವನಿಗೆ ಅದು ಗೊತ್ತಿರಲಿಲ್ಲ; ಗೊತ್ತಿಲ್ಲವೆಂಬುದು ಮಾತ್ರ ಗೊತ್ತಿತ್ತು. ಬಿಲ್ಲಿನಲ್ಲಿ ನಮೂದಾದ ಸಾಮಾನು ನಿಜವಾಗಿಯೂ ಹೊಸದು, ಕೂಲಿಯೂ ನಿಜವಾಗಿ ನಡೆದ ಕೆಲಸದ್ದೇ. ಕೂಟಲೇಖವೆನ್ನಲು ಅಲ್ಲಿ ಒಂದು ಅಕ್ಷರವೂ ಇಲ್ಲ. ಊಹೆಯನ್ನು ನಿಶ್ಚಯವೆಂದು ಮಾರಿದ ಆ ಒಂದು “ಹೌದು” ಎಂಬುದನ್ನು ಮಾತ್ರ ಯಾವ ಬಿಲ್ಲಿನಲ್ಲಿಯೂ ನಮೂದಿಸಲಿಲ್ಲ. ಅವನು “ನಮಗೆ ತೋರುವ ಮಟ್ಟಿಗೆ ಇದು ರೇಡಿಯೇಟರ್ ಇರಬಹುದು, ಇದರಿಂದ ಸರಿಹೋಗದಿದ್ದರೆ ಎಂಜಿನನ್ನು ಬಿಚ್ಚಿ ನೋಡಬೇಕಾದೀತು, ಹಣ ಹಾಕುವುದೋ ಬಿಡುವುದೋ ನೀವೇ ಹೇಳಿ” ಎಂದಿದ್ದರೆ ಅದು ಸ್ಯಾದ್ವಾದಕ್ಕೆ ಸಮೀಪದ ಮಾತಾಗುತ್ತಿತ್ತು. ಸ್ಯಾತ್ ಎಂಬುದನ್ನು ‘ಇದ್ದರೂ ಇರಬಹುದು’ ಎಂಬ ಜಾರುಮಾತೆಂದು ಹಾಸ್ಯ ಮಾಡುವವರುಂಟು. ತನ್ನ ಹೇಳಿಕೆ ಯಾವ ಅಪೇಕ್ಷೆಯಿಂದ, ಎಲ್ಲಿಯವರೆಗೆ ನಿಜವೆಂದು ಗೆರೆ ಎಳೆದು ತೋರಿಸುವುದೇ ಅದರ ಕೆಲಸವೆಂಬುದು ಅವರಿಗೆ ಅರಿವಾದಂತಿಲ್ಲ. ಗ್ಯಾರೇಜಿನಲ್ಲಿ ಅದಕ್ಕಿಂತ ಉಪಯುಕ್ತವಾದ ಮಾತು ಮತ್ತೊಂದಿರಲಾರದು.

ನಾಲ್ಕನೆಯ ಸಲ ಗಾಡಿ ಕಾದಾಗ ಗೃಹಸ್ಥರು ಶೋರೂಮಿಗೆ ಹೋಗಿ ಎಲ್ಲರ ಎದುರಿಗೆ ಕೂಗಾಡಿದರು. ಕೂಗಿಗೆ ಗುರಿಯಾದವನು ಇಪ್ಪತ್ತೈದು ವರ್ಷದ ಆ ಅಡ್ವೈಸರ್. ತಿಂಗಳಿಗೆ ಇಷ್ಟು ಗಾಡಿ, ಇಷ್ಟು ಬಿಲ್ಲು ಎಂದು ಮೇಲಿನವರು ಅವನ ತಲೆಯ ಮೇಲೆ ಲೆಕ್ಕವನ್ನು ಹೊರಿಸಿರುತ್ತಾರೆ. ಆಗಮಜ್ಞರು ಕ್ರೋಧದ ತರತಮವನ್ನು ನೀರಿನ ಗೆರೆ, ಧೂಳಿನ ಗೆರೆ, ನೆಲದ ಗೆರೆ, ಕಲ್ಲಿನ ಗೆರೆಗಳಿಗೆ ಹೋಲಿಸಿದ್ದಾರೆ. ಮನೆಗೆ ಬಂದು ಊಟಕ್ಕೆ ಕುಳಿತರೂ ಆ ಸಿಟ್ಟು ಇಳಿಯಲಿಲ್ಲ. ವಾರ ಕಳೆದರೂ ಅಂಗಡಿಗೆ ಬಂದ ಗಿರಾಕಿಗಳ ಮುಂದೆ ಅದೇ ಕಥೆ. ಗೆರೆಯು ನೀರನ್ನು ಬಿಟ್ಟು ನೆಲಕ್ಕೆ ಇಳಿದಿತ್ತು.

ಕ್ಷಮೆಯು ಧರ್ಮವೆಂದು ಸುಮ್ಮನಿರಬೇಕಾಗಿತ್ತೇ? ಹಾಗೇನೂ ಇಲ್ಲ. ಗೃಹಸ್ಥನಿಗೆ ಅನ್ಯಾಯವನ್ನು ಎದುರಿಸುವ ಅಧಿಕಾರವನ್ನು ಶಾಸ್ತ್ರವು ಕಸಿದುಕೊಂಡಿಲ್ಲ. ವಿರೋಧೀ ಹಿಂಸೆಯನ್ನೂ ಅವನು ಸಂಪೂರ್ಣ ತ್ಯಜಿಸಬೇಕೆಂಬ ಕಟ್ಟಳೆಯಿಲ್ಲ. ಈ ಕಾರ್ಯಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಕಾಯಿದೆ ಬಂದು 2020ರ ಜುಲೈಯಿಂದ ಜಾರಿಯಲ್ಲಿದೆ. ಸೇವೆಯಲ್ಲಿನ ಕೊರತೆಗಾಗಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಾಲ್ಕು ಜಾಬ್ ಕಾರ್ಡುಗಳು, ನಾಲ್ಕು ಬಿಲ್ಲುಗಳು, ಒಂದು ಶಾಂತವಾದ ಪತ್ರ: ಇವುಗಳಿಂದ ಆಗುವಷ್ಟು ಕೆಲಸ ಕೂಗಾಟದಿಂದ ಆಗದು. ಗೃಹಸ್ಥರು ಕಡೆಗೆ ಬರೆದದ್ದೂ ಅಂತಹ ಪತ್ರವನ್ನೇ. ಮ್ಯಾನೇಜರು ಎರಡು ಸಲದ ಕೂಲಿಯನ್ನು ಮರಳಿಸಿದನು. ಜೊತೆಗೆ, “ಗಾಡಿ ಹಳೆಯದಾಯಿತು, ಯಾರಿಗಾದರೂ ಕೊಟ್ಟುಬಿಡಿ” ಎಂಬ ಸಲಹೆಯನ್ನೂ ಕೊಟ್ಟನು. ತನಗೆ ತಿಳಿಯದುದರ ಹೊಣೆಯನ್ನು ಗಾಡಿಯ ವಯಸ್ಸಿನ ಮೇಲೆ ಹೊರಿಸುವುದು ಎಷ್ಟು ಸುಲಭ!

ಸಂಕೇಶ್ವರದ ರಸ್ತೆ ಬದಿಯ ಒಬ್ಬ ಫಿಟ್ಟರನು ಆ ಕಾರನ್ನು ನೋಡಿದ್ದು ಈ ನಡುವೆ. ತಣ್ಣಗಿದ್ದ ಎಂಜಿನಿನ ರೇಡಿಯೇಟರ್ ಮುಚ್ಚಳ ತೆಗೆದು, ಎಂಜಿನ್ ಚಾಲೂ ಮಾಡಿಸಿ, ನೀರಿನಲ್ಲಿ ಬಿಡದೆ ಏಳುತ್ತಿದ್ದ ಗುಳ್ಳೆಗಳನ್ನು ತೋರಿಸಿದನು. ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಸೋರಿದರೆ ಉರಿಯ ಅನಿಲವು ನೀರಿನ ದಾರಿಗೆ ನುಗ್ಗಿ ನೀರನ್ನು ಹೊರದೂಡುತ್ತದೆ. ಊರೊಳಗೆ ಒತ್ತಡ ಕಡಿಮೆ, ಸೋರಿಕೆಯೂ ಕಡಿಮೆ. ಏರಿನಲ್ಲಿ ಎರಡೂ ಹೆಚ್ಚು. “ಗ್ಯಾಸ್ಕೆಟ್ ಅನಸ್ತೈತ್ರಿ. ಹೆಡ್ಡೂ ಸೊಟ್ಟ ಆಗಿರಬೌದು. ಬಿಚ್ಚಿ ನೋಡೂತನಕಾ ಖಾತ್ರಿ ಹೇಳಾಕ ಆಗೂದಿಲ್ರಿ” ಎಂದನು. ಖರ್ಚು ಹದಿನೈದು ಸಾವಿರಕ್ಕೆ ಕಡಿಮೆಯಿಲ್ಲವೆಂದೂ ಹೇಳಿದನು.

ಇಷ್ಟು ಹಣ ಸುರಿದವರಿಗೆ ಮತ್ತೆ ಸುರಿಯುವ ಮನಸ್ಸಾಗಲಿಲ್ಲ. ಕಾರನ್ನು ಮಾರಲು ನಿಶ್ಚಯಿಸಿದರು. ಚಿಕ್ಕೋಡಿಯ ಒಬ್ಬ ಶಿಕ್ಷಕರು ನೋಡಲು ಬಂದರು. ಮಾರ್ಗಶಿರದ ಬೆಳಗು, ಊರೊಳಗೆ ಎರಡು ಸುತ್ತು ಹೊಡೆದರೂ ಮುಳ್ಳು ಅಲುಗಲಿಲ್ಲ. ಹೊಸ ರೇಡಿಯೇಟರ್, ಹೊಸ ಪಂಪು, ಹೊಸ ಮೋಟಾರುಗಳ ಬಿಲ್ಲುಗಳು ಮೇಜಿನ ಮೇಲಿದ್ದವು, ಎಲ್ಲವೂ ಅಧಿಕೃತ ಶೋರೂಮಿನವು. ಒಂದೊಂದು ಕಾಗದವೂ ನಿಜ. ಆದರೆ ಎಲ್ಲವನ್ನೂ ಜೋಡಿಸಿಟ್ಟರೆ ಸೊಗಸಾದ ಸುಳ್ಳು. ಮೋಸಹೋದವನಿಗೆ ಆ ಮೋಸವನ್ನು ಮುಂದಿನವನಿಗೆ ದಾಟಿಸುವ ಹಕ್ಕು ತನಗೆ ಬಂದಿದೆಯೆಂದು ತೋರುವುದು ಇಂತಹ ಗಳಿಗೆಯಲ್ಲಿಯೇ. ಶಿಕ್ಷಕರು ಬಿಲ್ಲುಗಳನ್ನು ತಿರುವಿಹಾಕಿ, “ಹಾಗಾದರೆ ಎಂಜಿನಿಗೆ ಏನೂ ತೊಂದರೆಯಿಲ್ಲ, ಹೌದಲ್ಲರೀ?” ಎಂದು ಕೇಳಿದರು.

ಗೃಹಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಘಾಟಿನ ಸಂಗತಿಯನ್ನೂ ಗುಳ್ಳೆಗಳ ಸಂಗತಿಯನ್ನೂ ಹೇಳಿದರು. ಶಿಕ್ಷಕರು ಮನೆಯಲ್ಲಿ ಕೇಳಿ ತಿಳಿಸುವೆನೆಂದು ಚಹಾ ಕುಡಿದು ಹೋದರು, ತಿರುಗಿ ಬರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕಾರು ಸಂಕೇಶ್ವರಕ್ಕೆ ಹೋಯಿತು. ಖರ್ಚು ಹದಿನೆಂಟು ಸಾವಿರದಷ್ಟಾಯಿತು. ಹಳೆಯ ಗ್ಯಾಸ್ಕೆಟನ್ನು ಫಿಟ್ಟರನು ಹಳೆಯ ಪತ್ರಿಕೆಯೊಂದರಲ್ಲಿ ಸುತ್ತಿಕೊಟ್ಟು, ಅದನ್ನು ಮತ್ತೆ ತಾನೇ ಬಿಚ್ಚಿ, ಸುಟ್ಟು ಕಪ್ಪಾಗಿದ್ದ ಜಾಗದ ಮೇಲೆ ಬೆರಳಿಟ್ಟು ತೋರಿಸಿದನು.